ವರ್ಷ ವರ್ಷ ಬೆಳೆದ ಬಾಲ

ನನ್ನ ಹೆಂಡತಿ ತೀರಿಹೋಗಿ ವರ್ಷವಾದ ದಿನ, ಈ ಪರದೇಶದ ಊರಿನ ಕಾರ್ಖಾನೆ ಬಡಾವಣೆ ಪಾರ್ಕ್‌ಮೋರ್‌ನ ಕೆಲಸಕ್ಕೆ ರಜೆ ಹಾಕಿ, ವಡೆ ಪಾಯಸ ಮಾಡಿ, ಮನೆಯ ಹಿಂದಿನ ಗೋಡೆಯ ಮೇಲೆ ಎಡೆ ಇಟ್ಟೆ. ಕಾಗೆ ಬಂದು ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ದಿನಾ ನಮ್ಮ ಕಸದ ಬಿನ್ ಕೆದಕುವ ಕಾಗೆಗಳು ಅಂದು ಎಲ್ಲಿಗೆ ಹೋಗಿದ್ದವೋ. ಬೇಲಿಯ ಮೇಲೆ ಒಂದೇ ಒಂದು ಮ್ಯಾಗ್‌ಪೈ, ಇಲ್ಲಿನ ಕಪ್ಪು ಬಿಳುಪು ಹಕ್ಕಿ, ಕೂತು ವಡೆಯನ್ನೇ ನೋಡುತ್ತಿತ್ತು. ಹತ್ತಿರ ಬರಲಿಲ್ಲ.

"ಅಪ್ಪಾ, ಐ ಆಮ್ ಸ್ಟಾರ್ವಿಂಗ್," ಎಂದಳು ಇಲ್ಲೇ ಹುಟ್ಟಿದ ಮಗಳು.

ಮೈಸೂರಿನಿಂದ ವಿಡಿಯೊ ಕಾಲ್‌ನಲ್ಲಿದ್ದ ನಾದಿನಿ, "ಅಕ್ಕನ ಮನಸ್ಸಲ್ಲಿ ಏನೋ ಉಳ್ಕೊಂಡಿದೆ ಭಾವ. ಏನು ಅಂತ ನೋಡಿ ಮಾತು ಕೊಡಿ, ಬರತ್ತೆ," ಎಂದಳು.

ಕೊಟ್ಟೆ. ಕರಿಬೇವಿನ ಗಿಡ ಒಣಗಿಸಲ್ಲ. ದೋಸೆ ಹೆಂಚನ್ನು ಡಿಶ್‌ವಾಶರ್‌ಗೆ ಹಾಕಲ್ಲ. ಹೆಂಚು ಆಗಲೂ ಅದರೊಳಗೇ ಇತ್ತು. ಮ್ಯಾಗ್‌ಪೈ ಗೊತ್ತಿದ್ದಂತೆ ಮುಖ ತಿರುಗಿಸಿತು.

ಉಳಿದದ್ದು ಏನೆಂದು ನನಗೆ ಗೊತ್ತಿತ್ತು. ಮಗಳ ಮುಂದೆ ಹೇಳಲು ನಾಚಿಕೆ.

ಮದುವೆಯಾದ ಹೊಸತರಲ್ಲಿ ಶ್ರೀಲಂಕಾಕ್ಕೆ ಹೋಗಿದ್ದೆವು. ಅಲ್ಲಿನ ಕಾಡಿನಲ್ಲಿ ಮಾತ್ರ ಇರುವ ನೀಲಿ ಮ್ಯಾಗ್‌ಪೈ ನೋಡಬೇಕೆಂಬುದು ಅವಳ ಹಟ. ನೀಲಿ ಮೈ, ಕಂದು ತಲೆ, ಹವಳದಂಥ ಕೊಕ್ಕು. ಬೇರೆ ಹಕ್ಕಿಗಳ ದನಿಯನ್ನೂ ಕದ್ದು ಹಾಡುತ್ತದಂತೆ. ಗೈಡ್ ಕೈ ತೋರಿಸಿದಾಗ ಅವಳು ಬಗ್ಗಿ ನನ್ನ ಕಾಲಿನ ಜಿಗಣೆ ಕೀಳುತ್ತಿದ್ದಳು. ನಾನು ಜಿಗಣೆಗೆ ಹೆದರಿ ಕಣ್ಣು ಮುಚ್ಚಿದ್ದೆ. ತೆರೆದಾಗ ಕೊಂಬೆ ಮಾತ್ರ ಅಲ್ಲಾಡುತ್ತಿತ್ತು.

"ನೋಡಿದ್ರಾ?" ಎಂದಳು.

ನನ್ನ ಜಿಗಣೆಗಾಗಿ ಹಕ್ಕಿಯನ್ನು ಕಳೆದುಕೊಂಡವಳಿಗೆ ನಿಜ ಹೇಳಲಾಗಲಿಲ್ಲ. "ನೋಡ್ದೆ," ಎಂದೆ.

ಆಮೇಲೆ ಯಾರೇ ಊಟಕ್ಕೆ ಬರಲಿ, "ಆ ಹಕ್ಕಿ ವಿಷ್ಯ ಹೇಳಿ" ಎನ್ನುವಳು. ಆ ಕಾಡಿನ ಪ್ರವೇಶದ ಟಿಕೆಟ್ಟಿನ ಮೇಲಿದ್ದ ಹಕ್ಕಿಯ ಚಿತ್ರ ನೆನೆದು ಬಣ್ಣಿಸುತ್ತಿದ್ದೆ. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳುವಳು. ಕೊನೆಗೆ ಆಸ್ಪತ್ರೆಯಲ್ಲೂ ಕೇಳಿದಳು. ಆಗಲೂ ಬಣ್ಣಿಸಿದೆ.

ಈಗ ಎಡೆಯ ಮುಂದೆ ನಿಂತು, "ನಾನು ಆ ಹಕ್ಕಿ ನೋಡೇ ಇಲ್ಲ ಕಣೇ. ಕಣ್ಣು ಮುಚ್ಕೊಂಡಿದ್ದೆ," ಎಂದೆ. ಹೇಳಿ ಎರಡು ಹೆಜ್ಜೆ ಹಿಂದೆ ಸರಿದೆ. ಸರಿದದ್ದಕ್ಕೋ ಏನೋ, ಮ್ಯಾಗ್‌ಪೈ ಹಾರಿ ಬಂದು ವಡೆ ಕಚ್ಚಿಕೊಂಡು ಹೋಯಿತು.

"ಅಮ್ಮಂಗೆ ಸುಳ್ಳು ಹೇಳಿದ್ಯಾ?" ಮಗಳು ಗಾಬರಿಯಲ್ಲಿ ಕನ್ನಡಕ್ಕೆ ಬಂದಿದ್ದಳು.

ಫೋನಿನಲ್ಲಿ ನಾದಿನಿ ನಗುತ್ತಿದ್ದಳು. "ಅದೂ ಕಾಗೆ ಬಳಗದ್ದೇ, ನಡೆಯತ್ತೆ ಬಿಡಿ. ಅಕ್ಕಂಗೆ ಅವತ್ತೇ ಗೊತ್ತಿತ್ತು ಭಾವ. ನಿಮ್ಮ ಮಾತಲ್ಲಿ ಮೊದ್ಲು ಗೇಣುದ್ದ ಇದ್ದ ಹಕ್ಕಿ ಬಾಲ ಆಮೇಲೆ ಮೊಳ ದಾಟ್ತಂತೆ. ಇನ್ನೂ ಎಷ್ಟು ಬೆಳೆಸ್ತಾರೆ ನೋಡೋಣ ಅಂತ್ಲೇ ಕೇಳ್ತಿದ್ಲು."

"ಗ್ರ್ಯಾಂಡ್," ಎಂದು ಇಲ್ಲಿನವರು ‘ಸರಿ ಬಿಡು’ ಎನ್ನುವ ಧಾಟಿಯಲ್ಲಿ ಹೇಳಿ ಮಗಳು ಒಳಗೆ ಹೋಗಿ ತಟ್ಟೆ ಹಾಕಿದಳು.

ನಾನು ಅಲ್ಲೇ ನಿಂತೆ. ಆಸ್ಪತ್ರೆಯ ಆ ದಿನ ಬಾಲದ ಮಾತು ಬಂದಾಗ ಅವಳು ತುಟಿಯನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದಳು. ನೋವಿಗೆಂದುಕೊಂಡು ನಾನು ನರ್ಸನ್ನು ಕರೆದಿದ್ದೆ.