ಹನ್ನೆರಡು ಮನೆಯ ಊರು

ಛಿಮೆ ಹುಟ್ಟಿ ಬೆಳೆದದ್ದು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ. ಕನ್ನಡ ನಮ್ಮನಿಮ್ಮಷ್ಟೇ ಸಲೀಸು. ಕೆಲಸ ಚೆನ್ನೈನ ಅಂಬತ್ತೂರಿನ ಆಫೀಸಿನಲ್ಲಿ, ವಾಸ ಅಡ್ಯಾರಿನ ಅಂಬುಜಮ್ಮನ ಮನೆಯ ಮಹಡಿ ರೂಮಿನಲ್ಲಿ. ಕನ್ನಡ ಮಾತಾಡುವ ಬಾಡಿಗೆಯವಳು ಸಿಕ್ಕಳಲ್ಲ ಎಂಬ ಒಂದೇ ಸಂತೋಷಕ್ಕೆ ಅಂಬುಜಮ್ಮ ಅವಳ ಬುಧವಾರಗಳನ್ನು ಸಹಿಸಿಕೊಂಡಿದ್ದರು.

ಬುಧವಾರ ಎಂದರೆ ಛಿಮೆಗೂ ಅವಳ ಟಿಬೆಟನ್ ಗೆಳೆಯರಿಗೂ ವ್ರತವೇ ಸರಿ. ಆ ದಿನ ಟಿಬೆಟನ್ ಉಡುಗೆ, ಟಿಬೆಟನ್ ಮಾತು. ಚೆನ್ನೈನ ಸೆಕೆಯಲ್ಲಿ ಕಾಲಿನವರೆಗಿನ ನಿಲುವಂಗಿ ತೊಟ್ಟು, ಬೆವರು ಸುರಿಸುತ್ತ, ಹದಿನೆಂಟು ಮಂದಿ ಸಂಜೆ ಬೆಸೆಂಟ್ ನಗರದ ಬೀಚಿನಲ್ಲಿ ಸೇರಿ ತಮ್ಮ ನಾಡಿನ ಸಂಕಟದ ಕರಪತ್ರ ಹಂಚುತ್ತಿದ್ದರು. ನಿಂತು ಓದಿದವರಿದ್ದರು, ಅದರಲ್ಲೇ ಬಿಸಿ ಕಡಲೆ ಸುಂಡಲ್ ಕಟ್ಟಿಸಿಕೊಂಡು ಹೋದ ಮಹಾನುಭಾವರೂ ಇದ್ದರು. ಈ ಗುಂಪನ್ನು ಕಟ್ಟಿದವಳು ಛಿಮೆ.

“ಪೊಲೀಸು ಗಿಲೀಸು ಅಂತ ಬಂದ್ರೆ ನಾನೇನಮ್ಮಾ ಹೇಳ್ಲಿ? ಶುಮ್ಮ ಇರಕ್ಕಾಗಲ್ವಾ ನಿಂಗೆ?” ಎಂದು ಅಂಬುಜಮ್ಮ ಗೊಣಗಿದ್ದರು. ಪೊಲೀಸರು ಬರಲಿಲ್ಲ. ಪಾಪ, ಅಂಬುಜಮ್ಮ ಕಣ್ಣಿಟ್ಟು ಕಾದದ್ದು ತಪ್ಪು ಬಾಗಿಲನ್ನು.

ಗುಂಪಿನಲ್ಲೊಂದು ಪದ್ಧತಿಯಿತ್ತು. ಎದ್ದು ನಿಂತವರು ಮೊದಲು ಹೆಸರು, ಆಮೇಲೆ ಅಪ್ಪ ಬಿಟ್ಟುಬಂದ ಊರಿನ ಹೆಸರು ಹೇಳಬೇಕು. ಆ ಊರನ್ನು ಒಬ್ಬರೂ ಕಂಡವರಲ್ಲ, ಆದರೂ ನಿನ್ನೆ ಬಿಟ್ಟುಬಂದವರಂತೆ ಹೇಳುತ್ತಿದ್ದರು. ಒಂದು ಬುಧವಾರ ಅದನ್ನು ವಿಡಿಯೋ ಮಾಡಿದರು. ಎಲ್ಲರ ಮುಖಕ್ಕೂ ಮಾಸ್ಕ್. ಛಿಮೆ ಕೂತು ಹೆಸರುಗಳನ್ನೆಲ್ಲ ಕತ್ತರಿಸಿದಳು. ಊರುಗಳನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಅದನ್ನೂ ತೆಗೆದರೆ ಉಳಿಯುವುದೇನು ಎಂದುಕೊಂಡು ಹಾಗೇ ನೆಟ್‌ಗೆ ಹಾಕಿದಳು. ಅವಳಪ್ಪನ ಊರಿನಲ್ಲಿ ಇದ್ದದ್ದು ಹನ್ನೆರಡೇ ಮನೆ. ಅಲ್ಲಿಂದ ಗಡಿ ದಾಟಿದ್ದು ಅವಳಪ್ಪನ ಮನೆಯಿಂದ ಮಾತ್ರ. ಇಷ್ಟು ಸರಳ ಲೆಕ್ಕ ಆ ಜಾಣೆಯ ತಲೆಗೆ ಹೊಳೆಯದೇ ಹೋಯಿತು.

ಆ ಊರಿನಲ್ಲಿ ಉಳಿದವಳು ಅಪ್ಪನ ತಂಗಿ, ಟಿಬೆಟನ್ ಮಾತಿನಲ್ಲಿ ಛಿಮೆಯ ಆನಿ. ತಿಂಗಳಿಗೊಮ್ಮೆ ಅವಳ ಫೋನು. ಮಂಡಿನೋವು, ಹಿಮ, ಬಾರ್ಲಿ, ಇಷ್ಟೇ ಮಾತು. ಯಾರಾದರೂ ಕೇಳಿಸಿಕೊಳ್ಳುತ್ತಾರೆಂದು ಬೇರೇನೂ ಆಡುತ್ತಿರಲಿಲ್ಲ.

ವಿಡಿಯೋ ಹಾಕಿ ಹತ್ತು ದಿನಕ್ಕೆ, ಶನಿವಾರ ಬೆಳಿಗ್ಗೆ, ಅಂಬುಜಮ್ಮ ಕೊಟ್ಟ ಇಡ್ಲಿಯ ತಟ್ಟೆ ಕೈಯಲ್ಲಿರುವಾಗ ಆನಿಯ ಫೋನು ಬಂತು. ಅವಳು ಹಿಮದ ಮಾತೆತ್ತಲಿಲ್ಲ. ಪುಸ್ತಕ ನೋಡಿ ಓದುವವಳಂತೆ, ಒಂದೊಂದೇ ಪದವಾಗಿ ಕೇಳಿದಳು.

“ಛಿಮೆ ಲ್ಹಾಮೊ, ನಿನ್ನ ಜೊತೆ ಇರೋರು ಯಾರ್ಯಾರು? ಹೆಸರು ಹೇಳು.”

ಮಗುವೇ ಎಂದಲ್ಲದೆ ಬೇರೆ ಯಾವ ಹೆಸರಿನಿಂದಲೂ ಆನಿ ಅವಳನ್ನು ಕರೆದವಳಲ್ಲ. ಪಕ್ಕದಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಛಿಮೆಗೆ ಎಲ್ಲ ಅರ್ಥವಾಯಿತು: ವಿಡಿಯೋದಲ್ಲಿನ ಊರಿನ ಹೆಸರು ಹಿಡಿದು ಅಲ್ಲಿನ ಪೊಲೀಸರು ಆನಿಯ ಬಾಗಿಲಿಗೆ ಬಂದಿದ್ದರು. ಹದಿನೆಂಟು ಜನರಿಗೂ ಅಲ್ಲಿ ಒಬ್ಬೊಬ್ಬ ಅತ್ತೆಯೋ ಮಾವನೋ ಅಜ್ಜಿಯೋ ಇದ್ದೇ ಇದ್ದರು. ಒಂದು ಹೆಸರು ಬಾಯಿಬಿಟ್ಟರೆ ಇನ್ನೊಂದು ಮನೆ. ಬಿಡದಿದ್ದರೆ ಈ ಮುದುಕಿ.

“ಯಾರೂ ಇಲ್ಲ ಆನಿ. ನಾನೊಬ್ಬಳೇ,” ಎಂದಳು.

ಆ ಕಡೆ ಫೋನು ಕೈ ಬದಲಾಯಿತು. ಗಂಡಸಿನ ದನಿ, ಶುದ್ಧ ಟಿಬೆಟನ್, ಬಹಳ ಮರ್ಯಾದೆಯ ಮಾತು.

“ಯೋಚನೆ ಮಾಡಿಕೊಳ್ಳಿ. ನಾಳೆ ಇದೇ ಹೊತ್ತಿಗೆ ಮತ್ತೆ ಕೇಳ್ತೀವಿ. ಅಲ್ಲೀವರೆಗೂ ನಿಮ್ಮತ್ತೆ ನಮ್ಮ ಹತ್ತಿರಾನೇ ಇರ್ತಾರೆ.”