ಮೇಡಂ ಮೆಚ್ಚಿದ ಜಾಹೀರಾತು

ನಮ್ಮಕ್ಕ ಅಳತೆಯನ್ನು ಬಾಯಿಬಿಟ್ಟು ಹೇಳುವವಳಲ್ಲ. ಬೇರೆ ಟೈಲರುಗಳು ಟೇಪು ಹಿಡಿದು ಮೂವತ್ತೆಂಟು, ನಲವತ್ತೆರಡು ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಇವಳು ಪರದೆಯ ಹಿಂದೆ ಟೇಪಿನ ಮೇಲೆ ಹೆಬ್ಬೆರಳಿಟ್ಟು ನನಗೆ ತೋರಿಸುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಒಬ್ಬರ ಮೈ ಇನ್ನೊಬ್ಬರಿಗೆ ಸುದ್ದಿಯಾಗಬಾರದು ಎನ್ನುವುದು ಅವಳ ಹಟ. ಇರುವುದು ಒಂದೇ ಕೋಣೆ, ಎರಡು ಮಷೀನು, ಬಸ್ ನಿಲ್ದಾಣದ ಕಡೆಗೊಂದು ಕಿಟಕಿ. ಇಪ್ಪತ್ತೆರಡು ವರ್ಷದಿಂದ ಹೆಂಗಸರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಾರೆ ಎಂದರೆ ಅದಕ್ಕೆ ಅಕ್ಕನ ಹೊಲಿಗೆ ಎಷ್ಟು ಕಾರಣವೋ ಅವಳ ಮೌನವೂ ಅಷ್ಟೇ ಕಾರಣ. ಅವಳ ಪಾಲಿನ ಬಾಯಿಯನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ.

ಲೈಬ್ರರಿ ಮೇಡಂ ನಮ್ಮ ಹಳೆಯ ಗಿರಾಕಿ. ಹೋದ ವರ್ಷ ಅವರಿಗೆ ಆಪರೇಷನ್ ಆಯಿತು. ಊರಿಗೆಲ್ಲ ಪಿತ್ತಕೋಶದ ಕಲ್ಲು ಎಂದು ಹೇಳಿದ್ದರು. ತೆಗೆದದ್ದು ಎಡಗಡೆಯ ಸ್ತನವನ್ನು. ಅಕ್ಕ ಅವರ ಬ್ಲೌಸುಗಳನ್ನೆಲ್ಲ ಬಿಚ್ಚಿ, ಒಳಗಡೆ ಒಂದು ಪುಟ್ಟ ಚೀಲ ಹೊಲಿದು, ಹತ್ತಿಯ ನಡುವೆ ಸಾಸಿವೆ ತುಂಬಿದಳು. ಬರೀ ಹತ್ತಿಯಾದರೆ ಭಾರವಿರುವುದಿಲ್ಲ, ಬ್ಲೌಸು ಮೇಲಕ್ಕೆ ಸರಿದುಬಿಡುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ, ಮೂರನೇ ಸಲಕ್ಕೆ ಸರಿಹೋಯಿತು. ಮೇಡಂ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ, ನಕ್ಕುಬಿಟ್ಟರು. ಆವತ್ತೇ ಇನ್ನೊಂದು ವಿಷಯವನ್ನೂ ಹೇಳಿದರು. ಅವರಿಗಿರುವುದು ಒಬ್ಬಳೇ ಮಗಳು, ಬೇರೆ ಊರಿನಲ್ಲಿದ್ದಾಳೆ. ಎರಡು ಸಲ ಗರ್ಭ ನಿಲ್ಲದೆ, ಮತ್ತೆ ಬಸುರಿಯಾಗಬೇಕೆಂದು ಆಗ ಡಾಕ್ಟರ ಹತ್ತಿರ ಓಡಾಡುತ್ತಿದ್ದಳು. ಅವಳ ಕೈಗೊಂದು ಮಗು ಬರುವವರೆಗೆ ಈ ಸುದ್ದಿ ಹೇಳುವುದಿಲ್ಲ, ಆಮೇಲೆ ಎದುರು ಕೂತು ತಾನೇ ಹೇಳಬೇಕು ಎಂದರು. ಮಗಳು ಈಗ ಆರು ತಿಂಗಳ ಬಸುರಿ.

ಇನ್ನು ನನ್ನ ಘನಕಾರ್ಯ. ಎಲ್ಲರೂ ರೆಡಿಮೇಡಿನ ಹಿಂದೆ ಬಿದ್ದು ಅಂಗಡಿ ತಣ್ಣಗಾಗಿತ್ತು. ಅಕ್ಕನಿಗೆ ಮೊಬೈಲೆಂದರೆ ಗಡಿಯಾರ ಮತ್ತು ಟಾರ್ಚು, ಅಷ್ಟೇ. ಹಾಗಾಗಿ ಊರವರೆಲ್ಲ ಫೋಟೋ ಹಾಕಿಕೊಳ್ಳುವ ಆ ಜಾಲತಾಣದಲ್ಲಿ ಅಂಗಡಿಯ ಪುಟ ತೆರೆದವಳು ನಾನು. ಬಂದ ಗಿರಾಕಿಗಳನ್ನೆಲ್ಲ ಬಿಡದೆ ಹಿಡಿದು, ಅವರ ಫೋನಿನಲ್ಲಿ ಪುಟ ತೆಗೆಸಿ, ಲೈಕ್ ಒತ್ತಿಸಿದೆ. ಒತ್ತದೆ ಯಾರಿಗೂ ಬಟ್ಟೆ ಕೊಡುವುದಿಲ್ಲ ಎಂದು ತಮಾಷೆ ಮಾಡಿದೆ. ಮೇಡಂ ಕೂಡ ನಗುತ್ತ ಒತ್ತಿದರು.

ಆ ಜಾಲತಾಣವಂತೂ ಬೆಳಗಾದರೆ ಬೆಣ್ಣೆ ಹಚ್ಚುತ್ತಿತ್ತು. ನಿಮ್ಮ ಪುಟ ಚೆನ್ನಾಗಿ ಓಡುತ್ತಿದೆ, ಸ್ವಲ್ಪ ದುಡ್ಡು ಹಾಕಿದರೆ ಸಾವಿರಾರು ಜನಕ್ಕೆ ತೋರಿಸುತ್ತೇವೆ ಎಂದು ಗೋಗರೆಯುತ್ತಿತ್ತು. ನಾನು ಉಬ್ಬಿಹೋದೆ. ಮೇಡಂ ಹೊಸದಾಗಿ ಹೊಲಿಸಲು ಕೊಟ್ಟಿದ್ದ ಸಾಸಿವೆ ಚೀಲದ ಬ್ಲೌಸನ್ನು ಒಳಮೈ ಹೊರಗೆ ಮಾಡಿ ಫೋಟೋ ತೆಗೆದು, ಸ್ತನ ತೆಗೆಸಿಕೊಂಡವರಿಗೆ ಹೊಲಿದುಕೊಡುತ್ತೇವೆ ಎಂದು ಬರೆದು ಜಾಹೀರಾತು ಮಾಡಿದೆ. ಅಕ್ಕ ಕೇಳಿದ್ದು ಒಂದೇ ಮಾತು.

"ಯಾರ ಹೆಸರೂ ಬರಲ್ಲ ತಾನೆ?"

"ಬಟ್ಟೆ ಮಾತ್ರ ಅಕ್ಕಾ, ಹೆಸರು ಯಾಕೆ ಬರುತ್ತೆ?" ಅಂದೆ.

ಮಾರನೆಯ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಮೇಡಂ ಕಡೆಯಿಂದ ಮೆಸೇಜು ಬಂತು, ಜೊತೆಗೊಂದು ಚಿತ್ರ. ನಮ್ಮದೇ ಜಾಹೀರಾತು. ಅದರ ನೆತ್ತಿಯ ಮೇಲೆ ಮೇಡಂ ಅವರ ಪೂರ್ತಿ ಹೆಸರು, ಮುಖದ ಫೋಟೋ, 'ಇವರು ಮೆಚ್ಚಿದ್ದಾರೆ' ಎಂಬ ಸಾಲು. ಯಾರು ಲೈಕ್ ಒತ್ತಿರುತ್ತಾರೋ ಅವರ ಹೆಸರನ್ನೇ ಅಂಟಿಸಿ ಅವರ ನೆಂಟರಿಗೂ ಸ್ನೇಹಿತರಿಗೂ ಜಾಹೀರಾತು ತೋರಿಸುತ್ತಾರಂತೆ, ಕೇಳುವುದಿಲ್ಲ, ಹೇಳುವುದಿಲ್ಲ. ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೌಂಟರಿನವನು ನೋಡಿ ಮೇಡಂಗೆ ತೋರಿಸಿದ್ದ. ಚಿತ್ರದ ಕೆಳಗೆ ಮೇಡಂ ಬರೆದಿದ್ದರು, "ದಯವಿಟ್ಟು ಈಗಲೇ ತೆಗೆದುಬಿಡಮ್ಮ. ಮಗಳು ನೋಡೋದಕ್ಕೆ ಮುಂಚೆ."

ಬಂದ ತಕ್ಷಣವೇ ಓದಿದೆ. ತೆಗೆಯಲೆಂದೇ ಪುಟ ತೆರೆದೆ. ಅಲ್ಲಿ ನಲವತ್ತೊಂದು ಜನ ಬರೆದಿದ್ದರು! ಎರಡು ವರ್ಷದಿಂದ ಕನ್ನಡಿ ನೋಡಿಲ್ಲ, ನನಗೂ ಹೊಲಿದುಕೊಡುತ್ತೀರಾ ಎಂದು ಒಬ್ಬಾಕೆ ಕೇಳಿದ್ದಳು. ಅವಳಿಗೆ ಉತ್ತರ ಕೊಟ್ಟೆ. ಇನ್ನೊಬ್ಬಳಿಗೆ ಕೊಟ್ಟೆ. ತೆಗೆದರೆ ಇವರೆಲ್ಲ ಕೈತಪ್ಪಿ ಹೋಗುತ್ತಾರೆ, ಮೇಡಂ ಮಗಳು ಇಷ್ಟು ಹೊತ್ತಿಗೆ ಆಫೀಸಿನಲ್ಲಿರುತ್ತಾಳೆ, ಫೋನು ಎಲ್ಲಿ ನೋಡುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಜಾಹೀರಾತು ನೋಡಿದವರ ಲೆಕ್ಕ ತೋರಿಸುವ ಹಸಿರು ಗೆರೆಯೊಂದು ಫೋನಿನಲ್ಲಿ ಮೇಲೇರುತ್ತಲೇ ಇತ್ತು. ಸುಳ್ಳೇಕೆ ಹೇಳಲಿ, ಅದನ್ನು ನೋಡುತ್ತ ಕೂತಿದ್ದೆ. ಜಾಹೀರಾತು ತೆಗೆದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು.

ಒಂದು ಗಂಟೆಗೆ ಮೇಡಂ ಅಂಗಡಿಗೆ ಬಂದರು. ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ಮಗಳು ಹನ್ನೊಂದೂವರೆಗೆ ಫೋನ್ ಮಾಡಿದ್ದಳು. ಏನಮ್ಮ ಇದು, ಏನೇನೋ ಮೆಚ್ಚಿಕೊಂಡು ಕೂತಿದ್ದೀಯ ಎಂದು ನಗುತ್ತಲೇ ಶುರುಮಾಡಿದಳಂತೆ. ಮೇಡಂಗೆ ತಕ್ಷಣ ಸುಳ್ಳು ಹೊಳೆಯಲಿಲ್ಲ. ಆ ಒಂದು ಗಳಿಗೆ ತಡವರಿಸಿದ್ದೇ ಮಗಳಿಗೆ ಅರ್ಥವಾಗಲು ಸಾಕಾಯಿತು.

"ನಿನಗೆ ಹೀಗಾಗಿದ್ದನ್ನ ನನಗೆ ಜಾಹೀರಾತು ಹೇಳಬೇಕಾಯ್ತಾ ಅಮ್ಮಾ ಅಂದ್ಲು," ಎಂದರು ಮೇಡಂ. ಆಮೇಲೆ ಫೋನ್ ಇಟ್ಟವಳು ಮತ್ತೆ ಎತ್ತುತ್ತಿಲ್ಲವಂತೆ.

ಅಕ್ಕ ಮಷೀನಿನಿಂದ ಎದ್ದು ಬಂದು ಮೇಡಂ ಕಾಲಿನ ಹತ್ತಿರ ನೆಲದ ಮೇಲೇ ಕೂತಳು. ನನ್ನ ಅಂಗಡಿಯಿಂದ ಮಾತು ಹೊರಗೆ ಹೋಯಿತಲ್ಲ, ತಪ್ಪು ನನ್ನದು ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದೇ ಅಪರೂಪ. ಮೇಡಂ ಅವಳ ಭುಜ ಹಿಡಿದುಕೊಂಡು, ನನ್ನ ಕಡೆ ತಿರುಗಿದರು.

"ನೀನು ಮೆಸೇಜ್ ನೋಡಿರ್ಲಿಲ್ಲ ಅಲ್ವಾ? ಕೆಲಸದಲ್ಲಿದ್ದೆ ಅನ್ಸುತ್ತೆ."

"ನೋಡಿರ್ಲಿಲ್ಲ ಮೇಡಂ," ಅಂದೆ.

ಆಮೇಲೆ ಜಾಲತಾಣಕ್ಕೆ ದೂರು ಬರೆದೆ. ಪರಿಶೀಲಿಸಿದ್ದೇವೆ, ನಮ್ಮ ನಿಯಮಕ್ಕೆ ವಿರುದ್ಧವಾದದ್ದೇನೂ ಕಾಣಲಿಲ್ಲ ಎಂದು ಉತ್ತರ ಬಂತು. ಅದರ ಬೆನ್ನಿಗೇ ಇನ್ನೊಂದು: ನಿಮ್ಮ ಜಾಹೀರಾತು ತುಂಬಾ ಚೆನ್ನಾಗಿ ಓಡುತ್ತಿತ್ತು, ಮತ್ತೆ ಶುರುಮಾಡುತ್ತೀರಾ? ಮಾನಗೆಟ್ಟವು! ಮನುಷ್ಯರ ಮುಖಗಳನ್ನು ಕಿತ್ತು ಚೀಟಿಯ ಹಾಗೆ ಸಾಮಾನಿಗೆ ಅಂಟಿಸಿ ಮಾರುವ ಅವಕ್ಕೆ ಗರ್ಭಿಣಿಯೇನು, ಗಾಯವೇನು? ವಾರವೆಲ್ಲ ಅಂಗಡಿಗೆ ಬಂದವರ ಮುಂದೆ ಹೀಗೇ ಹರಿಹಾಯ್ದೆ. ಎಲ್ಲರೂ ಹೌದೌದು ಎಂದರು. ಬೈಯುವುದು ಎಷ್ಟು ಹಾಯಾಗಿತ್ತು! ನಾನು ಬೈದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಒಂಬತ್ತೂ ಹತ್ತರಿಂದ ಹನ್ನೊಂದೂವರೆಯವರೆಗಿನ ಹೊತ್ತು ಜಾಲತಾಣದ್ದಲ್ಲ, ನನ್ನದು.

ಮೊನ್ನೆ ದಾರದ ಅಂಗಡಿಯವನಿಗೆ ಮೆಸೇಜು ಹಾಕಿ ಕಾಯುತ್ತಿದ್ದೆ. ಉತ್ತರವಿಲ್ಲ. ನೋಡಿದರೆ ಮೆಸೇಜಿನ ಕೆಳಗೆ ನೀಲಿ ಗುರುತು ಬಿದ್ದಿದೆ. ಒತ್ತಿ ಹಿಡಿದರೆ, ಅವನು ಓದಿದ ಗಂಟೆ, ನಿಮಿಷ ಎಲ್ಲ ಇದೆ. ನೋಡಿಯೂ ನೋಡದವನ ಹಾಗಿದ್ದಾನಲ್ಲ, ಎಂಥ ಕಳ್ಳ ಇವನು ಎಂದು ಅಕ್ಕನ ಹತ್ತಿರ ಬೈಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದೆ.

ಮೇಡಂ ಫೋನಿನಲ್ಲೂ ಆ ನೀಲಿ ಗುರುತು ಬಿದ್ದಿರಲೇಬೇಕು, ಆವತ್ತೇ, ಒಂಬತ್ತೂ ಹತ್ತಕ್ಕೇ. ಮಗಳು ನೋಡುವ ಮುಂಚೆ ತೆಗೆಯಲಿ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದವರು ಅದನ್ನು ನೋಡದೆ ಇರುತ್ತಾರೆಯೇ? ಗೊತ್ತಿದ್ದೇ ಕೇಳಿದ್ದರು. ಅಕ್ಕನ ಎದುರು ನನ್ನ ಮಾನ ಹೋಗದಿರಲಿ ಎಂದು ಉತ್ತರವನ್ನೂ ಅವರೇ ಹೇಳಿಕೊಟ್ಟಿದ್ದರು. ನಾನು ಅದನ್ನೇ ಹೇಳಿ ಪಾರಾದೆ ಎಂದುಕೊಂಡಿದ್ದೆ.

ಯಾಕೆ ಸುಮ್ಮನಾದೆ ಎಂದು ಅಕ್ಕ ಕೇಳಿದಳು. ಏನಿಲ್ಲ ಅಂದೆ.