ಬೆನ್ನಿಗೆ ಗಾಳಿ ಬಿಡಿ ಎನ್ನುವ ಗಂಗಾರತ್ನಂ

ಬೆಳಗಿನ ಐದೂವರೆ. ಆಂಧ್ರದ ಆಕಿವೀಡಿನ ಮೀನು ಲಾರಿಗಳ ಅಡ್ಡೆಯಲ್ಲಿ ಮಂಜುಗಡ್ಡೆ ಒಡೆಯುವ ಸದ್ದು. ಪಕ್ಕದ ತಗಡಿನ ಅಂಗಡಿಯಲ್ಲಿ ಗಂಗಾರತ್ನಂ ಬಿಸ್ಕತ್ತಿನಷ್ಟಗಲದ ಬಿಳಿ ಬಿಲ್ಲೆಯನ್ನು ಎರಡು ಬೆರಳಿನ ನಡುವೆ ಹಿಡಿದು ಬ್ಯಾಟರಿಯ ತಂತಿ ತಾಗಿಸುತ್ತಾರೆ. ನೋಡನೋಡುತ್ತಲೇ ಹೆಬ್ಬೆರಳು ಸುಡುತ್ತದೆ, ತೋರುಬೆರಳು ಕೊರೆಯುತ್ತದೆ. "ಜೀವ ಇದೆ," ಎನ್ನುತ್ತಾರೆ.

ಎದುರಿಗೆ ಚಾಲಕ ಏಸುಬಾಬು ಕಾದು ಕೂತಿದ್ದಾನೆ. ಗುವಾಹಟಿಗೆ ಐದು ದಿನದ ದಾರಿ, ದಿನಕ್ಕೆರಡು ಸಲ ಇನ್ಸುಲಿನ್. ಅದನ್ನಿಡಲು ಲಾರಿಯ ಬ್ಯಾಟರಿಯಿಂದ ಓಡುವ, ಇಂಥದೇ ಬಿಲ್ಲೆಯ ಪುಟ್ಟ ತಂಪುಪೆಟ್ಟಿಗೆ. ಹೋದ ಸಲ ಅದು ಕೈಕೊಟ್ಟು ಮದ್ದು ಕೆಟ್ಟಿತು. ಬಾಲಸೋರಿನ ಹತ್ತಿರ ಕಣ್ಣು ಮಂಜಾಗಿ ಲಾರಿ ರಸ್ತೆಯಿಂದ ಕೆಳಗಿಳಿಯಿತು. ಇನ್ನೊಮ್ಮೆ ಹಾಗಾದರೆ ಅವನೇ ಉಳಿಯಲಿಕ್ಕಿಲ್ಲ. ಬೆನ್ನ ಹಿಂದೆ ಟನ್ನುಗಟ್ಟಲೆ ಮಂಜುಗಡ್ಡೆ ಇದ್ದರೂ ಅದರಲ್ಲಿ ಮದ್ದು ಇಡುವಂತಿಲ್ಲ, ಹೆಪ್ಪುಗಟ್ಟಿದರೆ ಅದೂ ಕೆಟ್ಟಂತೆಯೇ.

"ಪೆಟ್ಟಿಗೆಗೆ ಏನ್ ಮಾಡ್ದೆ, ನಿಜ ಹೇಳು."

"ಏನೂ ಇಲ್ಲಕ್ಕ. ಬಿಸಿಲು ಜಾಸ್ತಿ ಅಂತ ಒದ್ದೆ ಗೋಣಿ ಸುತ್ತಿದ್ದೆ. ನೀರಿನ ಕ್ಯಾನಿಗೆ ಸುತ್ತಲ್ವಾ, ಹಂಗೆ."

"ನಿನ್ ಮೂಗು ಬಾಯಿಗೂ ಸುತ್ಕೊ. ತಣ್ಣಗಾಗ್ತೀಯ, ಒಂದೇ ಸಲಕ್ಕೆ!"

ಮೀನು ಲಾರಿಯವರೆಲ್ಲ ಮಾಡುವ ತಪ್ಪೇ ಇದು. ಗಂಗಾರತ್ನಂ ಬೈಯುತ್ತಲೇ ಬಿಡಿಸಿ ಹೇಳುತ್ತಾರೆ: "ಈ ಬಿಲ್ಲೆ ತಂಪು ಹುಟ್ಟಿಸಲ್ಲ ತಮ್ಮಾ. ಇದ್ರೊಳಗೆ ಎರಡು ಜಾತಿ ಸಣ್ಣ ಸಣ್ಣ ತುಣುಕು ಇವೆ. ಕರೆಂಟ್ ಹರಿದ್ರೆ ಈ ಮಗ್ಗುಲಿನ ಬಿಸಿ ಹೊತ್ತು ಆ ಮಗ್ಗುಲಿಗೆ ಹಾಕ್ತವೆ. ಹಿಂದಿನ ಫ್ಯಾನು ಅದನ್ನ ಆಚೆ ದಬ್ಬಬೇಕು. ನೀನು ಪೆಟ್ಟಿಗೆ ಬೆನ್ನು ಮುಚ್ಚಿದ್ರೆ ಆ ಬಿಸಿ ಎಲ್ಲಿಗೆ ಹೋಗ್ಬೇಕು? ವಾಪಸ್ ಒಳಗೇ!"

ಪತಿ ಸಿಂಹಾಚಲಂ ರೇಡಿಯೊ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಂಗಾರತ್ನಂ ಬೆಸುಗೆ ಕಡ್ಡಿ ಹಿಡಿದರು. ಹೆಣ್ಣಿನ ಕೈಗೆ ಯಾರು ಕೊಡುತ್ತಾರೆ ಎಂದು ಅಡ್ಡೆಯೆಲ್ಲ ನಕ್ಕಿತಂತೆ. ಮೊದಲ ಪೆಟ್ಟಿಗೆಗೆ ತಂತಿ ಅದಲುಬದಲು ಕೊಟ್ಟು ಬಿಸಿ ಮಗ್ಗುಲು ಒಳಗಾಯಿತು. "ಅದರ ಡ್ರೈವರ್ ಇಟ್ಟಿದ್ದ ಮೊಸರು ಹುಳಿಯಾಗಿ ಉಕ್ಕಿತು," ಎಂದು ತಾವೇ ಹೇಳಿಕೊಂಡು ನಗುತ್ತಾರೆ. ಈಗ ದಿನಕ್ಕೆ ನಾಲ್ಕೈದು ಪೆಟ್ಟಿಗೆ, ಬೇಸಿಗೆಯಲ್ಲಿ ಹನ್ನೆರಡು. ಬೆರಳ ತುದಿಯೆಲ್ಲ ಸುಟ್ಟು ದಡ್ಡುಗಟ್ಟಿದೆ. ಆ ಕೈ ನೋಡಿದರೆ ಅಂಗಡಿಯ ಮೂಲೆಯಲ್ಲಿ ಕೂತು ನೋಡುತ್ತಿರುವ ನನಗೆ ಸಂಕಟವಾಗುತ್ತದೆ. ಅವರಿಗೆ ಅದರ ಪರಿವೆಯೇ ಇಲ್ಲ.

ಏಸುಬಾಬುವಿನ ಪೆಟ್ಟಿಗೆಗೆ ಹೊಸ ಬಿಲ್ಲೆ ಕೂರುತ್ತದೆ. ಒಂದು ಗಂಟೆ ಓಡಿಸಿ, ಒಳಗಿಟ್ಟ ಥರ್ಮಾಮೀಟರ್ ನೋಡುತ್ತಾರೆ. "ಹೊರಗಿಗಿಂತ ಹದಿನೆಂಟು ಡಿಗ್ರಿ ಕಮ್ಮಿ. ಇದಕ್ಕಿಂತ ಜಾಸ್ತಿ ಇದನ್ನ ಕೇಳ್ಬೇಡ, ಮದ್ದಿಗೆ ಇಷ್ಟು ಸಾಕು. ದಿನಾ ನೋಡ್ಕೊ. ಏರಿದ್ರೆ ಲಾರಿ ನಿಲ್ಸು, ಮೀನು ಹಾಳಾಗ್ಲಿ." ಏಳಕ್ಕೆ ಲಾರಿ ಹೊರಡುತ್ತದೆ. ಅದು ತಿರುವು ದಾಟುವವರೆಗೂ ಅವರು ಬಾಗಿಲಲ್ಲೇ ನಿಂತಿರುತ್ತಾರೆ.

ಐದನೆಯ ದಿನ ನಾನು ಮತ್ತೆ ಹೋದಾಗ ಅವರ ಫೋನ್ ಬಡಿದುಕೊಳ್ಳುತ್ತದೆ. "ಅಕ್ಕಾ, ಬ್ರಹ್ಮಪುತ್ರದ ಸೇತುವೆ ಮೇಲಿದೀನಿ. ಮದ್ದು ಚೆನ್ನಾಗಿದೆ, ನಾನೂ ಚೆನ್ನಾಗಿದೀನಿ."

ಗಂಗಾರತ್ನಂ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಪೆಟ್ಟಿಗೆ ಎಳೆದುಕೊಳ್ಳುತ್ತಾರೆ.

"ನಾನು ರಾಜಮಂಡ್ರಿ ದಾಟಿದೋಳಲ್ಲ. ನನ್ ಕೈಕೆಲಸ ನೋಡಿ, ಎಲ್ಲಿವರೆಗೆ ಹೋಗಿ ಬರ್ತದೆ."